ಪದ ಯಾವುದು, ತೋರಿಸು

ಹತ್ತನೇ ತರಗತಿಯ ಕನ್ನಡ ಉತ್ತರಪತ್ರಿಕೆಗಳನ್ನು ತಿದ್ದಿದವರಿಗೆ ಈ ವಾಕ್ಯ ನಿದ್ದೆಯಲ್ಲೂ ಕಾಣುತ್ತದೆ: ‘ಕರ್ಣನ ಸ್ವಾಮಿನಿಷ್ಠೆಯು ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.’ ಪ್ರಶ್ನೆ ಕೇಳುವುದು ಸಂದರ್ಭ ಮತ್ತು ಸ್ವಾರಸ್ಯ. ಮಾತಿನ ಸ್ವಾರಸ್ಯವೇನು ಎಂದರೆ, ಅದು ಸ್ವಾರಸ್ಯಪೂರ್ಣವಾಗಿದೆ! ಗೈಡಿನಲ್ಲಿ ಹಾಗೆಯೇ ಇದೆ, ಮಕ್ಕಳು ಹಾಗೆಯೇ ಬರೆಯುತ್ತಾರೆ, ನಾವು ಹಾಗೆಯೇ ಅಂಕ ಕೊಡುತ್ತೇವೆ. ಓದುವವನಿಗೆ ರಸ ಎಲ್ಲಿ ಹತ್ತಿತು ಎಂದು ಕೇಳಲು ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಇರುವುದು ಅದೊಂದೇ ಜಾಗ. ಅದನ್ನು ಗೈಡಿಗೆ ಬಿಟ್ಟುಕೊಟ್ಟಿದ್ದೇವೆ. ನಾನೂ ಹನ್ನೊಂದು ವರ್ಷ ಬಿಟ್ಟುಕೊಟ್ಟಿದ್ದೆ.

ನಮ್ಮದು ಸರ್ಕಾರಿ ಪ್ರೌಢಶಾಲೆ. ಪಠ್ಯದಲ್ಲಿ ಕುಮಾರವ್ಯಾಸನ ಉದ್ಯೋಗಪರ್ವದ ಭಾಗವಿತ್ತು. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ತನ್ನ ರಥಕ್ಕೆ ಹತ್ತಿಸಿಕೊಂಡು ಅವನ ಹುಟ್ಟಿನ ಗುಟ್ಟನ್ನು ಬಿಚ್ಚುವ ಸಂದರ್ಭ. ಕೃಷ್ಣ ಅವನೊಡನೆ ‘ಮೈದುನತನದ ಸರಸವನೆಸಗಿ’, ಬರಸೆಳೆದು ಪೀಠದಲ್ಲಿ ಕುಳ್ಳಿರಿಸುತ್ತಾನೆ. ನಿಮ್ಮ ಪಕ್ಕದಲ್ಲಿ ನಾನು ಸರಿಸಮನಾಗಿ ಕೂರುವುದೇ, ‘ಅಂಜುವೆ’ ಎನ್ನುತ್ತಾನೆ ಕರ್ಣ. ಆಗ ಕೃಷ್ಣ ತೊಡೆಗೆ ತೊಡೆ ಸೋಕುವಷ್ಟು ಹತ್ತಿರ ಸರಿದು ಮಾತು ಶುರು ಮಾಡುತ್ತಾನೆ.

ಕಿರುಪರೀಕ್ಷೆಯಲ್ಲಿ ಈ ‘ಅಂಜುವೆ’ಯ ಸ್ವಾರಸ್ಯ ಕೇಳಿದ್ದೆ. ಕರ್ಣನ ವಿನಯ, ಕರ್ಣನ ದೈವಭಕ್ತಿ ಎಂದು ಸಾಲಾಗಿ ಬಂದವು. ಕೊನೆಯ ಬೆಂಚಿನ ಒಬ್ಬ ಹುಡುಗ ಮಾತ್ರ ಬೇರೆಯೇ ಬರೆದಿದ್ದ. ಅವನ ಅಪ್ಪ ಊರಿನ ಧಣಿಯ ಕಾರು ಓಡಿಸುತ್ತಾರೆ. ಕಾರಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಮೈಸೂರಿನವರೆಗೂ ಹೋಗಿ ಬರುತ್ತಾರೆ. ಮನೆಗೆ ಬಂದ ಮೇಲೆ ಧಣಿ ಎಷ್ಟು ಕರೆದರೂ ಅಪ್ಪ ಸೋಫಾದ ಮೇಲೆ ಕೂರುವುದಿಲ್ಲ, ಬಾಗಿಲ ಹತ್ತಿರ ನಿಂತೇ ಕಾಫಿ ಕುಡಿಯುತ್ತಾರೆ. ಇಷ್ಟು ಬರೆದು, ‘ಕರ್ಣ ಅಂಜಿದ್ದು ಕೃಷ್ಣನಿಗಲ್ಲ, ಆ ಸೀಟಿಗೆ’ ಎಂದು ಮುಗಿಸಿದ್ದ. ಅದರ ಮೇಲೆ ನಾನು ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಪಾಠಕ್ಕೆ ಸಂಬಂಧವಿಲ್ಲ’ ಎಂದು ಬರೆದೆ. ಮೂರಕ್ಕೆ ಒಂದು ಅಂಕ. ಆ ಒಂದೂ ಸಂದರ್ಭ ಸರಿಯಾಗಿ ಬರೆದದ್ದಕ್ಕೆ.

ಒಂದು ವಾರ ಕಳೆದಿರಬೇಕು. ಮುಂದಿನ ಪದ್ಯಗಳ ಪಾಠಕ್ಕೆಂದು ರಾತ್ರಿ ಓದುತ್ತಾ ಕೂತಿದ್ದೆ. ಕೃಷ್ಣ ಕರ್ಣನಿಗೆ ಆಸೆ ತೋರಿಸುವ ಪದ್ಯ: ಎಡಗಡೆ ಕೌರವರ ಗುಂಪು, ಬಲಗಡೆ ಪಾಂಡವರ ಗುಂಪು, ಎದುರಿಗೆ ಮಾದ್ರ, ಮಾಗಧ, ಯಾದವರು, ‘ನಡುವೆ ನೀನು’. ಇಂಥ ಓಲಗವನ್ನು ಬಿಟ್ಟು, ದುರ್ಯೋಧನ ಮಾತನಾಡಿಸಿದಾಗಲೆಲ್ಲ ‘ಜೀಯ ಹಸಾದ’ (ಒಡೆಯಾ, ಅಪ್ಪಣೆ) ಎನ್ನುತ್ತಾ ನಿಲ್ಲುವುದು ನಿನಗೆ ಕಷ್ಟವಲ್ಲವೇ ಎನ್ನುತ್ತಾನೆ. ಎಷ್ಟೋ ಸಲ ಪಾಠ ಮಾಡಿದ ಪದ್ಯ. ಆ ರಾತ್ರಿ ಮಾತ್ರ ಪುಸ್ತಕ ಮಡಿಸಿಟ್ಟೆ. ಕೃಷ್ಣ ಮುಂದಿಡುತ್ತಿರುವುದು ಬರೀ ರಾಜ್ಯವಲ್ಲ, ಕೂರಲು ಒಂದು ಜಾಗ. ಯಾರ ಪಕ್ಕದಲ್ಲಿ, ಯಾರ ನಡುವೆ, ಯಾರ ಎದುರಿಗೆ ಎನ್ನುವ ಲೆಕ್ಕ. ಸೂತನ ಮನೆಯಲ್ಲಿ ಬೆಳೆದವನು ರಥದ ಪೀಠದಲ್ಲಿ ಕೂರಲು ಅಂಜಿದ್ದನ್ನು ನೋಡಿಯೇ ಕೃಷ್ಣ ಆ ಆಸೆಯನ್ನು ಹೊಸೆದಿದ್ದಾನೆ. ಸಾರಥಿಯ ಮಗನ ಅಂಜಿಕೆಯನ್ನು ಕಾರು ಓಡಿಸುವವರ ಮಗ ಒಂದೇ ಓದಿಗೆ ಹಿಡಿದಿದ್ದ. ನಾನು ಅದಕ್ಕೆ ಅಡ್ಡಗೆರೆ ಎಳೆದಿದ್ದೆ.

ಇಟ್ಟ ಪದವನ್ನು ಅಳಿಸದಿರುವುದು ತನ್ನ ಅಗ್ಗಳಿಕೆ ಎಂದು ಗದುಗಿನ ಕವಿ ಕುಮಾರವ್ಯಾಸ ಹೇಳಿಕೊಂಡಿದ್ದಾನೆ. ಅವನ ಕಾವ್ಯ ಪಾಠ ಮಾಡುವ ನನ್ನ ಕೈಯಲ್ಲಿ ಕೆಂಪು ಪೆನ್ನು. ಮರುದಿನ ಹುಡುಗನ ಪತ್ರಿಕೆ ತರಿಸಿಕೊಂಡು ಅಂಕ ತಿದ್ದಿದೆ, ತಪ್ಪು ನನ್ನದು ಎಂದೂ ಹೇಳಿದೆ. ಅವನು ‘ಇರಲಿ ಬಿಡಿ ಮೇಡಂ’ ಎಂದು ಪತ್ರಿಕೆ ಮಡಿಸಿ ಜೇಬಿಗಿಟ್ಟುಕೊಂಡ. ಅವನಿಗೆ ನನಗಿಂತ ಹೆಚ್ಚು ಮುಜುಗರವಾಗಿತ್ತು.

ಮುಂದೆ ನಾನು ಮಾಡಿದ್ದು ಇನ್ನೊಂದು ತಪ್ಪು. ತಪ್ಪಿತಸ್ಥ ಭಾವನೆಯಲ್ಲಿ ಹಗ್ಗವನ್ನೇ ಬಿಟ್ಟೆ. ನಿಮಗೆ ಏನನ್ನಿಸಿತೋ ಅದನ್ನೇ ಬರೆಯಿರಿ, ಸರಿ ತಪ್ಪು ಎಂಬುದಿಲ್ಲ ಎಂದೆ. ತರಗತಿಗೆ ತರಗತಿಯೇ ‘ನನಗೆ ಈ ಪದ್ಯ ತುಂಬಾ ಇಷ್ಟವಾಯಿತು, ಮನಸ್ಸಿಗೆ ಮುಟ್ಟಿತು’ ಎಂದು ಬರೆಯಿತು. ಗೈಡಿನ ವಾಕ್ಯ ಹೋಗಿ ಇನ್ನೊಂದು ಗೈಡಿನ ವಾಕ್ಯ ಬಂತು, ಅಷ್ಟೇ. ಕೆಲವರು ಉದ್ದಕ್ಕೆ ಬರೆದರು. ಹುಟ್ಟಿನ ಗುಟ್ಟು ಕೇಳಿದೊಡನೆ ಕರ್ಣ ಅಬ್ಬರಿಸುತ್ತಾನೆ, ತಾಯಿಯನ್ನು ನೆನೆದು ಗೋಳಾಡುತ್ತಾನೆ ಎಂದೆಲ್ಲ. ಓದುತ್ತಾ ಓದುತ್ತಾ ಅನುಮಾನ ಬಂತು. ಇದು ಟಿ.ವಿ.ಯ ಧಾರಾವಾಹಿಯ ಕರ್ಣ!

ಧಾರಾವಾಹಿ ನೋಡಬಾರದು ಎನ್ನುವ ಜಾತಿಯ ಮೇಷ್ಟ್ರು ನಾನಲ್ಲ. ಮಹಾಭಾರತ ನಮ್ಮ ಮಕ್ಕಳಿಗೆ ಸಿಕ್ಕಿದ್ದೇ ಅಲ್ಲಿ. ಅವರಜ್ಜಂದಿರಿಗೆ ಬಯಲಾಟದಲ್ಲಿ, ಗಮಕದಲ್ಲಿ ಸಿಕ್ಕಿತ್ತು. ಆದ್ದರಿಂದ ಬಯ್ಯದೆ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಧಾರಾವಾಹಿಯಲ್ಲಿ ಏನೇನಾಗುತ್ತದೆ ಎಂದು ಹುಡುಗರು ಹೇಳಿದರು: ಗುಡುಗು, ಸಂಗೀತ, ಮೂರು ಸಲ ತಿರುಗುವ ಮುಖ, ಕೂಗು. ಈಗ ಕುಮಾರವ್ಯಾಸನಲ್ಲಿ ಕೂಗು ಎಲ್ಲಿದೆ, ಪದ ತೋರಿಸಿ ಎಂದೆ. ಎಲ್ಲರೂ ಪುಸ್ತಕದೊಳಗೆ ಮುಖ ಹುದುಗಿಸಿದರು. ಸಿಕ್ಕಿದ್ದು ‘ಕೊರಳ ಸೆರೆ ಹಿಗ್ಗಿದವು’. ಗಂಟಲಿನ ನರ ಉಬ್ಬಿದೆ, ಕಣ್ಣೀರು ಒತ್ತರಿಸಿ ಬಂದಿದೆ, ಬಾಯಿಂದ ಮಾತಿಲ್ಲ. ಅಯ್ಯೋ, ದುರ್ಯೋಧನನಿಗೆ ಕೇಡು ಬಂತಲ್ಲ ಎಂದುಕೊಂಡದ್ದೂ ‘ತನ್ನ ಮನದೊಳಗೆ’. ತಾನು ಯಾರ ಮಗ ಎಂದು ತಿಳಿದ ಗಳಿಗೆಯಲ್ಲಿ ಅವನಿಗೆ ನೆನಪಾದದ್ದು ತಾಯಿಯಲ್ಲ, ಗೆಳೆಯ. ಒಬ್ಬ ಹುಡುಗಿ, ‘ಮೇಡಂ, ಅಳು ತಡೆದುಕೊಂಡಾಗ ಇಲ್ಲಿ ನೋಯುತ್ತದಲ್ಲ, ಅದನ್ನೇ ಬರೆದಿದ್ದಾನೆ’ ಎಂದು ಗಂಟಲು ಮುಟ್ಟಿ ತೋರಿಸಿದಳು. ಆ ದಿನ ಆ ಪದ್ಯಕ್ಕೆ ನಾನು ಬೇರೆ ಅರ್ಥ ಹೇಳಬೇಕಾಗಲಿಲ್ಲ.

ಅಂದಿನಿಂದ ನನ್ನ ತರಗತಿಯಲ್ಲಿ ಒಂದೇ ಕಾನೂನು. ಏನು ಬೇಕಾದರೂ ಹೇಳಿ, ಆದರೆ ಅದು ಯಾವ ಪದದಿಂದ ಹೊಳೆಯಿತು, ಬೆರಳಿಟ್ಟು ತೋರಿಸಿ. ಕಾರಿನ ಹುಡುಗ ಈ ಕಾನೂನಿನಲ್ಲಿ ಗೆಲ್ಲುತ್ತಿದ್ದ. ಅವನ ಸೋಫಾದ ಕಥೆ ‘ಅಂಜುವೆ’ ಎಂಬ ಪದದ ಮೇಲೇ ನಿಂತಿತ್ತು. ಅಬ್ಬರಿಸುವ ಕರ್ಣನಿಗೆ ನಿಲ್ಲಲು ಪದವಿಲ್ಲ.

ಇದರಿಂದ ಫಲಿತಾಂಶವೇನೂ ಏರಿಲ್ಲ. ಸಹೋದ್ಯೋಗಿಯೊಬ್ಬರು ನಾಲ್ಕು ಅವಧಿಯಲ್ಲಿ ಮುಗಿಸುವ ಪದ್ಯಕ್ಕೆ ನನಗೆ ಏಳು ಅವಧಿ ಬೇಕು. ಜನವರಿ ಬಂತೆಂದರೆ ನಾನೂ ಹಳೆಯ ಪ್ರಶ್ನೆಪತ್ರಿಕೆಗಳ ಕಂತೆ ಹಿಡಿದು, ‘ಆಯ್ಕೆ, ಸಂದರ್ಭ, ಸ್ವಾರಸ್ಯ’ ಎಂದು ಗಿಣಿಪಾಠ ಮಾಡಿಸುತ್ತೇನೆ. ಬೋರ್ಡ್ ಪರೀಕ್ಷೆಯಲ್ಲಿ ಸೋಫಾದ ಕಥೆ ಬರೆಯಬೇಡಪ್ಪ ಎಂದು ಹೇಳಿಯೂ ಇದ್ದೇನೆ. ಅದನ್ನು ಓದುವವರು ಎಂಥವರೋ.

ಆದರೆ ಏಳು ಅವಧಿಯಲ್ಲಿ ಸಿಗುವುದೇ ಬೇರೆ. ಒಂದು ವರ್ಷ ಒಬ್ಬಳು ‘ಮೈದುನತನ’ದ ಮೇಲೆ ಬೆರಳಿಟ್ಟಳು. ಕುಂತಿ ವಸುದೇವನ ಸೋದರಿ, ಅಂದ ಮೇಲೆ ಕರ್ಣ ಕೃಷ್ಣನಿಗೆ ಸೋದರತ್ತೆಯ ಮಗ. ಆ ವಿಷಯ ಕರ್ಣನಿಗೆ ಇನ್ನೂ ಗೊತ್ತೇ ಇಲ್ಲ, ಕೃಷ್ಣ ಆಗಲೇ ಭಾವಮೈದುನರಂತೆ ಚೇಷ್ಟೆ ಮಾಡುತ್ತಿದ್ದಾನೆ. ‘ನಮ್ಮ ಮನೆಯ ಮದುವೆಗಳಲ್ಲಿ ಯಾರು ಯಾರನ್ನು ಕಾಡಿಸುತ್ತಾರೆ ಎಂಬುದನ್ನು ನೋಡಿದರೇ ಸಂಬಂಧ ಗೊತ್ತಾಗುತ್ತದೆ ಮೇಡಂ. ಕೃಷ್ಣ ಬಾಯಿ ಬಿಡುವ ಮೊದಲೇ ಹೇಳಿಬಿಟ್ಟಿದ್ದಾನೆ.’ ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಪದಕ್ಕೆ ‘ಸಲಿಗೆ’ ಎಂದಷ್ಟೇ ಬರೆದಿತ್ತು.

ಈ ವರ್ಷದ ಜಗಳ ‘ಎಸಗಿ’ಯದು. ಕೃಷ್ಣನ ಪ್ರೀತಿ ನಾಟಕ ಎಂದು ಒಬ್ಬಳು ಹಟ ಹಿಡಿದಳು. ಪದ ತೋರಿಸು ಎಂದೆ. ‘ಸರಸವನೆಸಗಿ’ ಎಂದಳು. ಪತ್ರಿಕೆಯಲ್ಲಿ ದ್ರೋಹ ಎಸಗಿದ, ಕೃತ್ಯ ಎಸಗಿದ ಎಂದೇ ಬರುತ್ತದಲ್ಲ, ಒಳ್ಳೆಯದನ್ನು ಯಾರಾದರೂ ಎಸಗುತ್ತಾರೆಯೇ ಎಂದು ಅವಳ ವಾದ. ತರಗತಿ ಚಪ್ಪಾಳೆ ತಟ್ಟಿತು. ನನಗೂ ತಟ್ಟಬೇಕೆನಿಸಿತು. ಆದರೆ ಹಳೆಯ ಕನ್ನಡದಲ್ಲಿ ಎಸಗು ಎಂದರೆ ಮಾಡು ಎಂದಷ್ಟೇ. ಕೆಟ್ಟದ್ದರ ಜೊತೆಗೆ ಅದು ಅಂಟಿಕೊಂಡದ್ದು ನಮ್ಮ ಕಾಲದ ಬಳಕೆಯಲ್ಲಿ. ನಿಘಂಟು ತೆಗೆದು ತೋರಿಸಿದೆ. ಮುಖ ಸಣ್ಣದು ಮಾಡಿಕೊಂಡು ಕೂತಳು.

ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಬಂದು ಪುಸ್ತಕ ಚಾಚಿದಳು. ಈ ಸಲ ಬೆರಳು ‘ಬರಸೆಳೆದು’ವಿನ ಮೇಲಿತ್ತು. ‘ಪ್ರೀತಿಯಿದ್ದರೆ ಬಾ, ಕೂರು ಎನ್ನುತ್ತಿದ್ದ. ಎಳೆದು ಯಾಕೆ ಕೂರಿಸಿದ ಮೇಡಂ?’

ಎರಡನೇ ಅವಧಿಗೆ ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ.