ಚೆಸ್ ವಿಶ್ವಕಪ್: ಮೂರನೇ ದಿನದ ಲೆಕ್ಕ

2023ರ ಆಗಸ್ಟ್ 20ರಂದು ಬಾಕುವಿನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ತಮ್ಮ ಸೆಮಿಫೈನಲ್ ಮುಗಿಸಿ ಎದ್ದರು. ನಿಜತ್ ಅಬಾಸೊವ್ ವಿರುದ್ಧ ಒಂದು ಗೆಲುವು, ಒಂದು ಡ್ರಾ (ಗೆಲುವಿಗೆ ಒಂದು ಅಂಕ, ಡ್ರಾಗೆ ಅರ್ಧ), ಅಲ್ಲಿಗೆ ಕೆಲಸ ಆಯಿತು. ಪಕ್ಕದ ಬೋರ್ಡಿನಲ್ಲಿ ಪ್ರಜ್ಞಾನಂದ ಮತ್ತು ಫ್ಯಾಬಿಯಾನೊ ಕರುವಾನಾ 1-1 ಸಮ. ಮರುದಿನ 21ಕ್ಕೆ ಅವರಿಬ್ಬರೂ ಮತ್ತೆ ಕೂತು ಕಡಿಮೆ ಸಮಯದ ನಾಲ್ಕು ರ‍್ಯಾಪಿಡ್ ಆಟ ಆಡಿದರು, ಎಲ್ಲ ಆರು ಆಟ ಸೇರಿ ಪ್ರಜ್ಞಾನಂದ 3.5-2.5ರಿಂದ ಗೆದ್ದರು. 22ಕ್ಕೆ ಫೈನಲ್ ಶುರು. ಒಬ್ಬರು ಒಂದಿಡೀ ದಿನ ಸುಮ್ಮನಿದ್ದು ಬಂದಿದ್ದರು, ಇನ್ನೊಬ್ಬರು ಹಿಂದಿನ ಸಂಜೆಯಷ್ಟೇ ವಿಶ್ವದ ಅಗ್ರ ಆಟಗಾರರೊಬ್ಬರ ಜೊತೆ ಜಟಾಪಟಿ ಮುಗಿಸಿ ಬಂದಿದ್ದರು. ಈ ಟೂರ್ನಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಯಾರು ಯಾರನ್ನು ಸೋಲಿಸಿದರು ಎಂಬುದರ ಜೊತೆಗೆ, ಎಷ್ಟನೇ ದಿನ ಸೋಲಿಸಿದರು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.

ಚೌಕಟ್ಟು ಸರಳ. ಈಗಿನ ವಿಶ್ವಕಪ್‌ನಲ್ಲಿ 206 ಆಟಗಾರರು, ಎಂಟು ಸುತ್ತು, ಸೋತವರು ಮನೆಗೆ. ಶ್ರೇಯಾಂಕ ಪ್ರಕಾರ ಮೊದಲ 50 ಮಂದಿಗೆ ಮೊದಲ ಸುತ್ತಿನಲ್ಲಿ ಬೈ, ಅಂದರೆ ಆಡದೆಯೇ ನೇರ ಎರಡನೇ ಸುತ್ತು. ಉಳಿದ 156 ಮಂದಿ ಆಡಿ 78 ಜನ ಉಳಿಯುತ್ತಾರೆ. 50 ಸೇರಿಸಿದರೆ 128. ಅಲ್ಲಿಂದ 64, 32, 16, 8, 4, 2. ಜೋಡಿ ಹಾಕುವುದಕ್ಕೂ ಒಂದು ಸುಲಭ ಲೆಕ್ಕವಿದೆ. ಮೊದಲ ಸುತ್ತಿನಲ್ಲಿ ಎದುರಾಳಿಗಳ ಶ್ರೇಯಾಂಕ ಕೂಡಿದರೆ ಯಾವಾಗಲೂ 257 ಬರುತ್ತದೆ: 51ನೆಯವರಿಗೆ 206ನೆಯವರು, 128ನೆಯವರಿಗೆ 129ನೆಯವರು. ಎರಡನೇ ಸುತ್ತಿನಲ್ಲಿ ಆ ಮೊತ್ತ 129. ಅಂದರೆ ಅಗ್ರ ಶ್ರೇಯಾಂಕದವರಿಗೆ ಸಿಗುವುದು 128-129ರ ಜೋಡಿಯಲ್ಲಿ ಗೆದ್ದವರು. ಪಟ್ಟಿ ಒಮ್ಮೆ ಹಾಕಿದ ಮೇಲೆ ಮತ್ತೆ ಚೀಟಿ ಎತ್ತುವುದಿಲ್ಲ. ಮೇಲಿನವರು ಯಾರಾದರೂ ಉರುಳಿದರೆ ಆ ಜಾಗದ ದಾರಿಯೆಲ್ಲ ಅವರನ್ನು ಉರುಳಿಸಿದವರದು. ಅಬಾಸೊವ್ 69ನೇ ಶ್ರೇಯಾಂಕದಿಂದ ಹೊರಟು ಸೆಮಿಫೈನಲ್ ಮುಟ್ಟಿದ್ದು ಇಂಥದೇ ಪಟ್ಟಿಯಲ್ಲಿ. ಆದರೆ ಅವರು ಪುಕ್ಕಟೆ ಹೋಗಲಿಲ್ಲ. ಅನೀಶ್ ಗಿರಿ, ಪೀಟರ್ ಸ್ವಿಡ್ಲರ್, ವಿದಿತ್ ಗುಜರಾತಿ ಮೂವರನ್ನೂ ದಾಟಿ ಹೋದರು.

ಪ್ರತಿ ಸುತ್ತಿಗೆ ಮೂರು ದಿನ. ಮೊದಲೆರಡು ದಿನ ಗಂಟೆಗಟ್ಟಲೆ ನಡೆಯುವ ಒಂದೊಂದು ಕ್ಲಾಸಿಕಲ್ ಆಟ, ಬಣ್ಣ ಅದಲುಬದಲು. ಮೂರನೇ ದಿನ, ಅಂಕ ಸಮವಾಗಿದ್ದರೆ ಮಾತ್ರ, ಟೈಬ್ರೇಕ್ ಎಂಬ ಚುಟುಕು ಆಟಗಳು. 2025ರಲ್ಲಿ ಗೋವಾದಲ್ಲಿ ನವೆಂಬರ್ 1ರಿಂದ 26ರವರೆಗೆ ನಡೆದದ್ದು ನೋಡಿ: ಎಂಟು ಸುತ್ತಿಗೆ 24 ದಿನ, ನಡುವೆ 10 ಮತ್ತು 20ರಂದು ಎರಡೇ ವಿಶ್ರಾಂತಿ ದಿನ. ಹಾಗಾಗಿ ಕ್ಲಾಸಿಕಲ್‌ನಲ್ಲೇ ಮುಗಿಸಿದವರಿಗೆ ಸಿಗುವ ಮೂರನೇ ದಿನ ದುಡ್ಡು ಕೊಟ್ಟರೂ ಸಿಗದ ಬಹುಮಾನ. ಆ ದಿನ ನಿದ್ದೆ ಮಾಡಬಹುದು, ಮುಂದಿನ ಎದುರಾಳಿ ಯಾರೆಂದು ಗೊತ್ತಿದ್ದರೆ ಅವರ ಆರಂಭಗಳನ್ನು ತಿರುವಿ ಹಾಕಬಹುದು, ಗೊತ್ತಿಲ್ಲದಿದ್ದರೆ ಇಬ್ಬರು ಸಂಭಾವ್ಯ ಎದುರಾಳಿಗಳೂ ಟೈಬ್ರೇಕ್‌ನಲ್ಲಿ ತಮ್ಮ ತಯಾರಿಯನ್ನು ಬಿಚ್ಚಿಡುವುದನ್ನು ನೋಡುತ್ತ ಕೂರಬಹುದು.

ಬಲಶಾಲಿಗಳು ಎರಡು ಆಟದಲ್ಲಿ ಯಾಕೆ ಮುಗಿಸಿಬಿಡುವುದಿಲ್ಲ? ವಿಶ್ವ ಚೆಸ್ ಸಂಸ್ಥೆ ಫಿಡೆ ಆಟಗಾರರ ಬಲ ಅಳೆಯುವ ರೇಟಿಂಗ್ ಕೋಷ್ಟಕವೇ ಇದಕ್ಕೆ ಉತ್ತರ ಕೊಡುತ್ತದೆ. ರೇಟಿಂಗ್‌ನಲ್ಲಿ 100 ಅಂಕ ಮೇಲಿರುವ ಆಟಗಾರರಿಂದ ಒಂದು ಆಟಕ್ಕೆ ನಿರೀಕ್ಷಿಸುವುದು 0.64 ಅಂಕ. ಎರಡು ಆಟಕ್ಕೆ 1.28. ಪಂದ್ಯ ಗೆಲ್ಲಲು ಬೇಕಾದದ್ದು 1.5! ಅಂದರೆ ಮೇಲಿನವರು ತಮ್ಮ ಮಟ್ಟಕ್ಕೆ ತಕ್ಕಂತೆ ಚೆನ್ನಾಗಿಯೇ ಆಡಿದರೂ ಪಂದ್ಯ ಟೈಬ್ರೇಕ್‌ಗೆ ಹೋಗುವುದು ಸಹಜ. ಹದಿನಾಲ್ಕು ಸುತ್ತಿನ ಲೀಗ್‌ನಲ್ಲಿ ಒಂದು ಸೋಲನ್ನು ಸರಿಪಡಿಸಲು ಹದಿಮೂರು ಅವಕಾಶ. ಇಲ್ಲಿ ಒಂದೇ. 2017ರಲ್ಲಿ ಟ್ಬಿಲಿಸಿಯಲ್ಲಿ ಕಾರ್ಲ್‌ಸನ್ ಮೂರನೇ ಸುತ್ತಿನ ಮೊದಲ ಆಟದಲ್ಲಿ ಬಿಳಿ ಕಾಯಿ ಹಿಡಿದು ಕೂತರು. ಚೀನಾದ ಬು ಶಿಯಾಂಗ್‌ಜಿ ಎಚ್3 ಮನೆಯಲ್ಲಿ ಒಂಟೆಯನ್ನು ಬಲಿ ಕೊಟ್ಟು ರಾಜನ ಗೋಡೆ ಒಡೆದರು, ಕಪ್ಪು ಗೆದ್ದಿತು. ಎರಡನೇ ಆಟ ಡ್ರಾ. ವಿಶ್ವ ಚಾಂಪಿಯನ್ ಮನೆಗೆ ಹೊರಟರು. ಬಿಳಿಯಲ್ಲಿ ಸೋತರೆ ಮರುದಿನ ಕಪ್ಪಿನಲ್ಲಿ ಗೆಲ್ಲಲೇಬೇಕು. ಈ ಟೂರ್ನಿಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇಲ್ಲ.

ಗೆಲ್ಲಲೇಬೇಕಾದ ಎರಡನೇ ಆಟವನ್ನು ಹೇಗೆ ಆಡಬೇಕು? ಹೊಸಬರು ಮೊದಲ ನಡೆಯಿಂದಲೇ ಮೈಮೇಲೆ ಬಿದ್ದು ಕಾಯಿ ಬಲಿ ಕೊಡಲು ಹೋಗುತ್ತಾರೆ. ಎದುರಾಳಿಗೆ ಅದೇ ಬೇಕು. ಹರಿತವಾದ ದಾರಿಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ಸಹಾಯದಿಂದ ಡ್ರಾವರೆಗೆ ಬಾಯಿಪಾಠ ಆಗಿರುತ್ತವೆ, ಕಾಯಿಗಳೂ ಬೇಗ ಖಾಲಿಯಾಗುತ್ತವೆ. ಅನುಭವಿಗಳು ತದ್ವಿರುದ್ಧ ಹೋಗುತ್ತಾರೆ: ಬಿಳಿಯಾದರೆ ಇಂಗ್ಲಿಷ್ ಅಥವಾ ರೇಟಿ ಎಂಬ ನಿಧಾನದ ಆರಂಭ, ಕಾಯಿಗಳನ್ನೆಲ್ಲ ಉಳಿಸಿಕೊಂಡು, ಅದಲುಬದಲು ತಪ್ಪಿಸಿ, ನಾಲ್ಕೈದು ಗಂಟೆ ಒತ್ತಡ ಇಟ್ಟು ಕಾಯುವುದು. ಇದರ ಮಾದರಿ ಆಟ 1987ರಲ್ಲಿ ಸೆವಿಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 24ನೆಯದು. ಪಟ್ಟ ಉಳಿಯಬೇಕಾದರೆ ಕಾಸ್ಪರೋವ್ ಗೆಲ್ಲಲೇಬೇಕಿತ್ತು. ಅವರು ಮೊದಲ ನಡೆಗೆ ಸಿ4 ಆಡಿ, ನಿಧಾನ ಬಿಗಿದು, ಕಾರ್ಪೊವ್‌ರನ್ನು ಸಮಯದ ಅಭಾವಕ್ಕೆ ತಳ್ಳಿ ಗೆದ್ದರು. ಕಪ್ಪಾದರೆ ಕಿಂಗ್ಸ್ ಇಂಡಿಯನ್, ಸಿಸಿಲಿಯನ್ ಥರದ ಸಮತೋಲ ತಪ್ಪಿದ ಆರಂಭಗಳೇ ಗತಿ, ಸ್ಥಾನ ಸ್ವಲ್ಪ ಕೆಟ್ಟರೂ ಚಿಂತೆಯಿಲ್ಲ.

ಡ್ರಾ ಸಾಕು ಎಂದು ಕೂತವರು ಎಡವುವುದು ಬೇರೆ ಕಡೆ. ಅವರು ತಮ್ಮ ಎಂದಿನ ಆಟ ಬಿಟ್ಟು ಪ್ರತಿ ನಡೆಯಲ್ಲೂ ಸುರಕ್ಷಿತ ಅನ್ನಿಸುವುದನ್ನೇ ಹುಡುಕುತ್ತಾರೆ. ಆನೆಯನ್ನು ಹಿಂದಕ್ಕೆ ತರುತ್ತಾರೆ, ಮುಂದೆ ತಳ್ಳಬೇಕಾದ ಕಾಲಾಳನ್ನು ತಳ್ಳುವುದಿಲ್ಲ, ಮೂವತ್ತನೇ ನಡೆ ಹೊತ್ತಿಗೆ ಎದುರಾಳಿಗೆ ಬೇಕಾದ ಜಾಗವೆಲ್ಲ ಸಿಕ್ಕಿರುತ್ತದೆ. ನನ್ನ ಮಟ್ಟಿಗೆ ಡ್ರಾ ಬೇಕಾದವರು ಆಡಬೇಕಾದದ್ದು ಗೆಲ್ಲುವ ಆಟವನ್ನೇ.

2015ರ ಬಾಕು ಫೈನಲ್ ಅನ್ನು ಹತ್ತಿರದಿಂದ ನೋಡಬೇಕು. ಆಗ ಫೈನಲ್‌ಗೆ ನಾಲ್ಕು ಕ್ಲಾಸಿಕಲ್ ಆಟ ಇತ್ತು. ಸೆರ್ಗೇ ಕರ್ಯಾಕಿನ್ ವಿರುದ್ಧ ಸ್ವಿಡ್ಲರ್ ಮೊದಲೆರಡನ್ನೂ ಗೆದ್ದರು. ಎರಡು ಆಟ ಬಾಕಿ, ಒಂದು ಡ್ರಾ ಸಾಕು. ಮೂರನೆಯದರಲ್ಲಿ ಒಳ್ಳೆಯ ಸ್ಥಾನ ಹಿಡಿದಿದ್ದಾಗಲೇ ದೊಡ್ಡ ತಪ್ಪೊಂದನ್ನು ಮಾಡಿ ಸೋತರು. ನಾಲ್ಕನೆಯದನ್ನೂ ಕರ್ಯಾಕಿನ್ ಗೆದ್ದರು, 2-2. ಟೈಬ್ರೇಕ್‌ನಲ್ಲಿ 25 ನಿಮಿಷದ ಎರಡು ಆಟ ಒಂದೊಂದು ಹಂಚಿಕೆ, 10 ನಿಮಿಷದ ಎರಡು ಆಟವೂ ಒಂದೊಂದು ಹಂಚಿಕೆ. ಕೊನೆಗೆ 5 ನಿಮಿಷದ ಬ್ಲಿಟ್ಜ್ ಎರಡನ್ನೂ ಗೆದ್ದು ಕರ್ಯಾಕಿನ್ 6-4. ಹತ್ತು ಆಟದಲ್ಲಿ ಒಂದೂ ಡ್ರಾ ಇಲ್ಲ. ಫೈನಲ್ ತಲುಪಿದ್ದಕ್ಕೇ ಇಬ್ಬರಿಗೂ ಕ್ಯಾಂಡಿಡೇಟ್ಸ್ (ವಿಶ್ವ ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ ಟೂರ್ನಿ) ಸ್ಥಾನ ಖಚಿತವಾಗಿತ್ತು, ಆದರೂ ಹೀಗೆ ಕಾದಾಡಿದರು. ಮುಂದಿನ ವರ್ಷ ಮಾಸ್ಕೋದಲ್ಲಿ ಕ್ಯಾಂಡಿಡೇಟ್ಸ್ ಗೆದ್ದು ನ್ಯೂಯಾರ್ಕ್‌ನಲ್ಲಿ ಕಾರ್ಲ್‌ಸನ್ ಎದುರು ಕೂತದ್ದು ಇದೇ ಕರ್ಯಾಕಿನ್.

ಈಗ ಟೈಬ್ರೇಕ್‌ನ ಮೆಟ್ಟಿಲುಗಳು. ಬಾಕು 2023ರ ನಿಯಮ ಹೀಗಿತ್ತು: ಮೊದಲು 25 ನಿಮಿಷ ಮತ್ತು ನಡೆಗೆ 10 ಸೆಕೆಂಡ್ ಸೇರ್ಪಡೆಯ ಎರಡು ಆಟ, ಸಮವಾದರೆ 10 ನಿಮಿಷ, 10 ಸೆಕೆಂಡಿನ ಎರಡು, ಮತ್ತೆ ಸಮವಾದರೆ 5 ನಿಮಿಷ, 3 ಸೆಕೆಂಡಿನ ಎರಡು, ಆಮೇಲೆ 3 ನಿಮಿಷ, 2 ಸೆಕೆಂಡಿನ ಒಂದೊಂದೇ ಆಟ, ಯಾರಾದರೂ ಗೆಲ್ಲುವವರೆಗೆ. ಗೋವಾದಲ್ಲಿ ಮೊದಲ ಮೆಟ್ಟಿಲಿನ 25 ನಿಮಿಷವನ್ನು 15ಕ್ಕೆ ಇಳಿಸಿದರು. ಈ ಅಂಕಿಗಳ ಬಿಸಿ ತಿಳಿಯಬೇಕಾದರೆ 60 ನಡೆಯ ಆಟಕ್ಕೆ ಲೆಕ್ಕ ಹಾಕಿ. ಕ್ಲಾಸಿಕಲ್‌ನಲ್ಲಿ ಒಬ್ಬರಿಗೆ 90 ನಿಮಿಷ, 40 ನಡೆಯ ನಂತರ 30, ನಡೆಗೆ 30 ಸೆಕೆಂಡಿನಂತೆ ಇನ್ನೂ 30, ಒಟ್ಟು ಎರಡೂವರೆ ಗಂಟೆ. ಬಾಕು ನಿಯಮದ ಮೊದಲ ಮೆಟ್ಟಿಲಲ್ಲಿ 35 ನಿಮಿಷ, ಎರಡನೆಯದರಲ್ಲಿ 20, ಮೂರನೆಯದರಲ್ಲಿ 8, ಕೊನೆಯದರಲ್ಲಿ 5. ಒಂದೇ ದಿನದಲ್ಲಿ ಒಂದೇ ತಲೆ ಇಷ್ಟು ಗೇರ್ ಬದಲಿಸಬೇಕು.

ಇಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಸೇರ್ಪಡೆ ಸಮಯ. 10 ಸೆಕೆಂಡ್ ಸಿಗುತ್ತಿದ್ದರೆ ಆನೆ ವಿರುದ್ಧ ಆನೆ-ಕಾಲಾಳಿನ ಅಂತ್ಯವನ್ನು ಗೊತ್ತಿರುವವರು ಕೊನೆಯವರೆಗೂ ಕಾಯ್ದುಕೊಳ್ಳುತ್ತಾರೆ. 3 ಸೆಕೆಂಡಿಗೆ ಇಳಿದಾಗ ಅದೇ ಅಂತ್ಯದಲ್ಲಿ ಗಡಿಯಾರ ಒತ್ತುವುದಕ್ಕೇ ಒಂದು ಸೆಕೆಂಡ್ ಹೋಗುತ್ತದೆ. ಹಾಗಾಗಿ ಬ್ಲಿಟ್ಜ್‌ನಲ್ಲಿ ಬುದ್ಧಿವಂತರು ಸ್ವಲ್ಪ ಕೆಟ್ಟರೂ ರಾಜನಿಗೆ ಅಪಾಯವಿಲ್ಲದ ಸ್ಥಾನವನ್ನೇ ಆರಿಸುತ್ತಾರೆ. ಕೈಯ ಶಿಸ್ತೂ ಅಷ್ಟೇ ಮುಖ್ಯ. ಕ್ಯಾಸ್ಲಿಂಗ್ ಮಾಡುವಾಗ ಒಂದು ಕೈಯಲ್ಲಿ ರಾಜ, ಇನ್ನೊಂದರಲ್ಲಿ ಆನೆ ಹಿಡಿದು ಗಡಿಯಾರ ಒತ್ತಿದರೆ ಅದು ಅಕ್ರಮ ನಡೆ. ಕಾಲಾಳು ಕೊನೆಯ ಮನೆ ಮುಟ್ಟಿದಾಗ ರಾಣಿಯನ್ನು ಇಡದೆ ಗಡಿಯಾರ ಒತ್ತಿದರೂ ಅಷ್ಟೇ. ಮೊದಲ ಸಲ ಎದುರಾಳಿಗೆ ಹೆಚ್ಚುವರಿ ಸಮಯ, ಎರಡನೇ ಸಲ ಆಟವೇ ಕೈ ತಪ್ಪುತ್ತದೆ. ಹೊತ್ತಿಗೆ ಸರಿಯಾಗಿ ಬೋರ್ಡಿನ ಮುಂದೆ ಇರುವುದೂ ಇದೇ ಶಿಸ್ತಿಗೆ ಸೇರಿದ್ದು. 2009ರಲ್ಲಿ ಖಾಂತಿ-ಮಾನ್ಸಿಸ್ಕ್‌ನಲ್ಲಿ ಇಬ್ಬರು ಚೀನೀ ಗ್ರ್ಯಾಂಡ್‌ಮಾಸ್ಟರ್‌ಗಳು ಟೈಬ್ರೇಕ್ ಆಟಗಳ ನಡುವೆ ಸಿಗರೇಟ್ ಸೇದಲು ಹೋಗಿ ತಡವಾಗಿ ಬಂದರು. ಇಬ್ಬರೂ ಒಂದು ನಡೆಯನ್ನೂ ಆಡದೆ ಆ ಆಟಗಳನ್ನು ಕಳೆದುಕೊಂಡರು, ಟೂರ್ನಿಯಿಂದಲೂ ಹೊರಬಿದ್ದರು.

ಮೊದಲೆಲ್ಲ ಕೊನೆಯ ಮೆಟ್ಟಿಲು ಆರ್ಮಗೆಡನ್: ಬಿಳಿಗೆ 5 ನಿಮಿಷ, ಕಪ್ಪಿಗೆ 4, ಡ್ರಾ ಆದರೆ ಕಪ್ಪೇ ಗೆದ್ದಂತೆ. 2017ರ ಸೆಮಿಫೈನಲ್‌ನಲ್ಲಿ ಮ್ಯಾಕ್ಸಿಮ್ ವಾಷಿಯೆ-ಲಾಗ್ರಾವ್ ಅರೋನಿಯನ್‌ಗೆ ಸೋತು ಕ್ಯಾಂಡಿಡೇಟ್ಸ್ ಕಳೆದುಕೊಂಡದ್ದು ಅಂಥ ಆಟದಲ್ಲಿ. ಎರಡು ವರ್ಷದ ಶ್ರಮ ಒಂಬತ್ತು ನಿಮಿಷದ ಆಟಕ್ಕೆ ಹೋಯಿತು. 2023ರ ಒಂಟಿ ಆಟದ ಪದ್ಧತಿ ಅದಕ್ಕಿಂತ ನ್ಯಾಯವಾದದ್ದು. ಕನಿಷ್ಠ ಗೆದ್ದವರು ಬೋರ್ಡಿನ ಮೇಲೆ ಗೆದ್ದಿರುತ್ತಾರೆ. ಅದೇ ವರ್ಷ ಕ್ವಾರ್ಟರ್‌ಫೈನಲ್‌ನಲ್ಲಿ ಪ್ರಜ್ಞಾನಂದ-ಅರ್ಜುನ್ ಎರಿಗೈಸಿ ಎಂಟು ಆಟಕ್ಕೆ 4-4 ಆಗಿ, ಒಂಬತ್ತನೆಯ ಒಂಟಿ ಆಟದಲ್ಲಿ ಪ್ರಜ್ಞಾನಂದ 5-4ರಿಂದ ದಾಟಿದರು. ಆ ಎಂಟರ ಘಟ್ಟದಲ್ಲಿ ಇವರಿಬ್ಬರ ಜೊತೆ ಗುಕೇಶ್, ವಿದಿತ್ ಸೇರಿ ನಾಲ್ವರು ಭಾರತೀಯರಿದ್ದರು.

ಮತ್ತೆ ಆ ಫೈನಲ್‌ಗೆ ಬಂದರೆ, ಕಾರ್ಲ್‌ಸನ್‌ಗೆ ಸೆಮಿಫೈನಲ್ ಮುಗಿದ ಮೇಲೆ ಊಟದ ವ್ಯತ್ಯಾಸದಿಂದ ಹೊಟ್ಟೆ ಕೆಟ್ಟಿತ್ತು. ಸಿಕ್ಕ ರಜೆಯ ದಿನ ಅವರನ್ನು ಉಳಿಸಿತು ಎಂದೇ ನಾನು ನಂಬುತ್ತೇನೆ. ಮೊದಲ ಆಟ ಡ್ರಾ. ಎರಡನೆಯದರಲ್ಲಿ ಬಿಳಿ ಕಾಯಿ ಕೈಯಲ್ಲಿದ್ದರೂ 30 ನಡೆಗೆ ಡ್ರಾ ಮಾಡಿಕೊಂಡು ಎದ್ದರು. ಬಿಳಿಯನ್ನು ಹಾಗೆ ಖರ್ಚು ಮಾಡುವುದು ನೋಡುವವರಿಗೆ ನಿರಾಸೆ, ಆದರೆ ಲೆಕ್ಕ ಸ್ಪಷ್ಟ: ಒಂದು ಸಂಜೆಯ ವಿಶ್ರಾಂತಿ, ಆಮೇಲೆ ತಾವೇ ಬಲವಾಗಿರುವ ರ‍್ಯಾಪಿಡ್. 24ರಂದು ಮೊದಲ ರ‍್ಯಾಪಿಡ್ ಆಟವನ್ನು ಕಪ್ಪಿನಲ್ಲಿ ಗೆದ್ದು, ಎರಡನೆಯದನ್ನು ಡ್ರಾ ಮಾಡಿ, 2.5-1.5ರಿಂದ ಮೊದಲ ಬಾರಿ ವಿಶ್ವಕಪ್ ಎತ್ತಿದರು.

ದುಡ್ಡಿನ ವಿಚಾರಕ್ಕೆ ಸೋಚಿ 2021ರ ಪಟ್ಟಿ ಸಾಕು: ಮೊದಲ ಸುತ್ತಿನಲ್ಲಿ ಸೋತವರಿಗೆ 3,750 ಡಾಲರ್, ಗೆದ್ದವರಿಗೆ 1,10,000. ಆದರೆ ಮೊದಲ ಮೂರು ಸ್ಥಾನದ ಬೆಲೆ ಈ ಪಟ್ಟಿಯಲ್ಲಿಲ್ಲ. ಈಗ ಎಂಟೇ ಮಂದಿ ಆಡುವ ಕ್ಯಾಂಡಿಡೇಟ್ಸ್‌ಗೆ ಹೋಗುವ ಬಾಗಿಲು ಅದು. 2005ರಲ್ಲಿ ಮೊದಲ ಹತ್ತು ಮಂದಿಗೆ ಆ ಬಾಗಿಲು ತೆರೆದಿತ್ತು, 2013ರಿಂದ 2021ರವರೆಗೆ ಫೈನಲಿಸ್ಟ್‌ಗಳಿಬ್ಬರಿಗೆ ಮಾತ್ರ, 2023ರಿಂದ ಮೂವರಿಗೆ. ಕಾರ್ಲ್‌ಸನ್ ತಮಗೆ ಸ್ಥಾನ ಬೇಡ ಎಂದದ್ದರಿಂದ 2023ರಲ್ಲಿ ನಾಲ್ಕನೆಯವರಾದ ಅಬಾಸೊವ್‌ಗೂ ಅದು ಒಲಿಯಿತು. ಮೂವರಿಗೆ ಅಂತಾದ ಮೇಲೆ ಟೂರ್ನಿಯ ನಡುಬಿಂದುವೇ ಬದಲಾಗಿದೆ. ಸೆಮಿಫೈನಲ್ ಗೆದ್ದವರು ನಿರಾಳ. ಸೋತ ಇಬ್ಬರು ಮೂರನೇ ಸ್ಥಾನಕ್ಕಾಗಿ ಮರುದಿನವೇ, ಇಪ್ಪತ್ತಕ್ಕೂ ಹೆಚ್ಚು ದಿನದ ದಣಿವು ಹೊತ್ತು, ಎಲ್ಲವನ್ನೂ ಪಣಕ್ಕಿಟ್ಟು ಕೂರಬೇಕು. ಕಪ್ ಎತ್ತುವ ಚಿತ್ರಗಳ ನಡುವೆ ಈ ಪಂದ್ಯವನ್ನು ಯಾರೂ ಸರಿಯಾಗಿ ನೋಡುವುದಿಲ್ಲ ಎಂಬುದು ನನ್ನ ಬೇಸರ.

ನಮ್ಮ ಪಕ್ಕದ ಗೋವಾದಲ್ಲಿ ಅದನ್ನೇ ಕಂಡೆವು. ಆನಂದ್ ಹೆಸರಿನ ಕಪ್‌ಗಾಗಿ ಭಾರತದ 24 ಮಂದಿ ಕಣಕ್ಕಿಳಿದಿದ್ದರು. ಗುಕೇಶ್ ಮೂರನೇ ಸುತ್ತಿನಲ್ಲಿ ಫ್ರೆಡೆರಿಕ್ ಸ್ವಾನೆಗೆ, ಪ್ರಜ್ಞಾನಂದ ನಾಲ್ಕರಲ್ಲಿ ದನೀಲ್ ದುಬೊವ್‌ಗೆ, ಹರಿಕೃಷ್ಣ ಐದರಲ್ಲಿ, ಕೊನೆಗೆ ಅರ್ಜುನ್ ಕ್ವಾರ್ಟರ್‌ಫೈನಲ್‌ನಲ್ಲಿ ವೇಯಿ ಯಿಗೆ ಸೋತರು. ಫೈನಲ್‌ನಲ್ಲಿ 19ರ ಹರೆಯದ ಜಾವೋಖಿರ್ ಸಿಂದಾರೊವ್ ಮತ್ತು ವೇಯಿ ಯಿ ಕ್ಲಾಸಿಕಲ್ ಎರಡನ್ನೂ ಡ್ರಾ ಮಾಡಿಕೊಂಡು ಮೂರನೇ ದಿನಕ್ಕೆ ಹೋದರು, ಸಿಂದಾರೊವ್ 2.5-1.5ರಿಂದ ಗೆದ್ದರು. ಅದೇ ಹೊತ್ತಿಗೆ ಮೂರನೇ ಸ್ಥಾನದ ಬೋರ್ಡಿನಲ್ಲಿ ಆಂದ್ರೇ ಎಸಿಪೆಂಕೊ, ನೊದಿರ್ಬೆಕ್ ಯಾಕುಬ್ಬೊಯೆವ್ ವಿರುದ್ಧ ಎರಡೂ ಕ್ಲಾಸಿಕಲ್ ಆಟಗಳನ್ನು ಗೆದ್ದು 2-0 ಮಾಡಿದ್ದರು. ಮೂರನೇ ದಿನ ಅವರಿಗೆ ಬೇಕಾಗಲೇ ಇಲ್ಲ. ಕ್ಯಾಂಡಿಡೇಟ್ಸ್ ಸ್ಥಾನ ಅಷ್ಟರಲ್ಲೇ ಕೈಸೇರಿತ್ತು.