ಚಾಟನೂಗಾದ ಎಂಟು ಸಮಾಧಿಗಳು

ಅಟ್ಲಾಂಟಾದಿಂದ ಟೆನೆಸ್ಸೀ ರಾಜ್ಯದ ಚಾಟನೂಗಾಕ್ಕೆ ಹೋಗುವವರೆಲ್ಲ ಲುಕೌಟ್ ಬೆಟ್ಟ, ರೂಬಿ ಫಾಲ್ಸ್ ಎಂಬ ನೆಲದಡಿಯ ಜಲಪಾತ ನೋಡುತ್ತಾರೆ. ನಾವೂ ನೋಡಿದೆವು. ಆ ನೀರಿಗೆ ಬಿಟ್ಟ ಬಣ್ಣದ ದೀಪ ನನಗಂತೂ ಹಿಡಿಸಲಿಲ್ಲ. ಮನಸ್ಸಿನಲ್ಲಿ ಉಳಿದದ್ದು ಊರೊಳಗಿನ ಸೈನಿಕ ಸ್ಮಶಾನ.

ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಮಾವನಿಗೆಂದೇ ದಾರಿಯಲ್ಲಿ ಕೆನೆಸಾ ಊರಿನ ಮ್ಯೂಸಿಯಂಗೆ ಹೋಗಿದ್ದೆವು. ಅಲ್ಲಿ ‘ಜನರಲ್’ ಎಂಬ ಉಗಿ ಎಂಜಿನ್ ಇದೆ. ಅಮೆರಿಕದ ಅಂತರ್ಯುದ್ಧದ ಕಾಲ. 1862ರ ಏಪ್ರಿಲ್ 12ರಂದು ಪ್ರಯಾಣಿಕರು ತಿಂಡಿಗೆ ಇಳಿದಿದ್ದಾಗ, ಉತ್ತರದ ರಾಜ್ಯಗಳ ಕಡೆಯ ಜೇಮ್ಸ್ ಆಂಡ್ರ್ಯೂಸ್ ಮತ್ತು ಸಂಗಡಿಗರು ಇದನ್ನು ಕದ್ದು ಓಡಿಸಿದರು. ದಕ್ಷಿಣದವರ ರೈಲು ದಾರಿಯ ಹಳಿ ಕಿತ್ತು, ಟೆಲಿಗ್ರಾಫ್ ತಂತಿ ಕತ್ತರಿಸಿ, ಸೇತುವೆ ಸುಡುವುದು ಅವರ ಉಪಾಯ. ಮಳೆಗೆ ನೆಂದ ಮರದ ಸೇತುವೆ ಹತ್ತಿಕೊಳ್ಳಲಿಲ್ಲ. ಬೆನ್ನಟ್ಟಿದವರು ‘ಟೆಕ್ಸಸ್’ ಎಂಜಿನ್ನನ್ನು ಹಿಮ್ಮುಖವಾಗಿಯೇ ಓಡಿಸಿಕೊಂಡು ಬಂದರು. “ರಿವರ್ಸ್‌ನಲ್ಲೇನಮ್ಮಾ!” ಅಂತ ಮಾವ ಎರಡೆರಡು ಸಲ ಕೇಳಿದರು. ಸುಮಾರು 140 ಕಿ.ಮೀ. ಓಡಿದ ಮೇಲೆ ಜನರಲ್‌ನ ಸೌದೆ, ನೀರು ಮುಗಿಯಿತು. ಎಲ್ಲರೂ ಸಿಕ್ಕಿಬಿದ್ದರು.

 

ಮರುದಿನ ಬೆಳಿಗ್ಗೆ ಚಾಟನೂಗಾದ ಸ್ಮಶಾನಕ್ಕೆ ಹೋದೆವು. ಕಲ್ಲಿನ ಪೀಠದ ಮೇಲೆ ಕಂಚಿನ ಪುಟ್ಟ ಜನರಲ್ ಎಂಜಿನ್. ಅದರ ಹತ್ತಿರ ಅರ್ಧ ವೃತ್ತದಲ್ಲಿ ಆ ತಂಡದ ಎಂಟು ಜನರ ಸಮಾಧಿ. ದಕ್ಷಿಣದವರು ಇವರನ್ನೆಲ್ಲ ಗಲ್ಲಿಗೇರಿಸಿದ್ದು ನಾವಿರುವ ಅಟ್ಲಾಂಟಾದಲ್ಲೇ. ಆರು ಜನ ಸೈನಿಕರು. ಉಳಿದಿಬ್ಬರು, ಆಂಡ್ರ್ಯೂಸ್ ಮತ್ತು ವಿಲಿಯಂ ಕ್ಯಾಂಪ್‌ಬೆಲ್, ಸೈನ್ಯಕ್ಕೆ ಸೇರಿದವರಲ್ಲ. ಕ್ಯಾಂಪ್‌ಬೆಲ್ ಓಹಿಯೋ ದಂಡಿನಲ್ಲಿದ್ದ ಪರಿಚಯದವರನ್ನು ನೋಡಲು ಬಂದು ತಾನೂ ಹೊರಟವನು. ಗಲ್ಲಿಗೇರಿಸುವಾಗ ಅವನ ಹಗ್ಗ ಹರಿಯಿತು. ಮತ್ತೆ ಎತ್ತಿ ನೇಣು ಹಾಕಿದರು.

ಮೆಡಲ್ ಆಫ್ ಆನರ್ ಅಂದರೆ ಅಮೆರಿಕದ ಸೈನ್ಯದ ಅತ್ಯುನ್ನತ ಶೌರ್ಯ ಪದಕ. ಅದು ಮೊಟ್ಟಮೊದಲು 1863ರಲ್ಲಿ ಸಿಕ್ಕಿದ್ದು ಈ ತಂಡದ ಸೈನಿಕರಿಗೇ. ಗಲ್ಲಿಗೇರಿದ ಆರು ಸೈನಿಕರಲ್ಲಿ ಶಾಡ್ರಾಕ್, ವಿಲ್ಸನ್ ಹೆಸರು ಮಾತ್ರ ಬಿಟ್ಟುಹೋಗಿತ್ತು. 2008ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕಾನೂನು ಮಾಡಿ ಪದಕ ಕೊಡುವ ಗಡುವು ಸಡಿಲಿಸಿತು. 2024ರ ಜುಲೈ 3ರಂದು ಆಗಿನ ಅಧ್ಯಕ್ಷ ಬೈಡನ್ ಆ ಇಬ್ಬರು ಸೈನಿಕರ ವಂಶದವರ ಕೈಗೆ ಪದಕ ಕೊಟ್ಟರು.

“ಹಾಗಾದ್ರೆ ಆಂಡ್ರ್ಯೂಸ್, ಕ್ಯಾಂಪ್‌ಬೆಲ್ ಇವರಿಬ್ಬರಿಗೆ?” ಅಂದರು ಮಾವ.

“ಅವರು ಸೈನಿಕರಲ್ಲವಲ್ಲ ಮಾವ.”

“ಎಲ್ಲರೂ ಸಾದಾ ಬಟ್ಟೆಯಲ್ಲೇ ಹೋಗಿದ್ರು ಅಂದ್ಯಲ್ಲ? ಗೂಢಚಾರರು ಅಂತ ನೇಣು ಹಾಕಿದ್ದು ಅದಕ್ಕೇ ಅಲ್ವಾ? ಆವಾಗ ಯಾರು ಸಿಪಾಯಿ ಅಂತ ನೋಡ್ಲಿಲ್ಲ. ಪದಕ ಕೊಡೋವಾಗ ನೋಡ್ತಾರಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಯುದ್ಧದ ವೈದ್ಯೆ ಮೇರಿ ವಾಕರ್ ಕೂಡ ನಾಗರಿಕಳೇ. 1865ರಲ್ಲಿ ಕೊಟ್ಟ ಪದಕ 1917ರಲ್ಲಿ ರದ್ದಾಯಿತು. ಅವಳು ಸತ್ತು ಎಷ್ಟೋ ವರ್ಷವಾದ ಮೇಲೆ, 1977ರಲ್ಲಿ, ವಾಪಸ್ ಕೊಟ್ಟರು. ಇನ್ನು ಕಾಂಗ್ರೆಸ್ಸಿನ ಚಿನ್ನದ ಪದಕಕ್ಕೆ ಸಮವಸ್ತ್ರವೇ ಬೇಕಿಲ್ಲ. ಎರಡನೇ ಮಹಾಯುದ್ಧದ ಸರಕು ಹಡಗಿನ ನಾವಿಕರಿಗೆ 2020ರ ಕಾನೂನಿನಲ್ಲಿ ಅದನ್ನೇ ಕೊಟ್ಟಿದ್ದಾರೆ. ಮನಸ್ಸು ಮಾಡಿದರೆ ಇವರಿಬ್ಬರಿಗೂ ಒಂದು ಕಾನೂನು ಕಷ್ಟವಲ್ಲ.

ಇಲ್ಲಿ ಓಟು ಇರುವವಳು ನಾನು. ನಮ್ಮ ಕ್ಷೇತ್ರದ ಪ್ರತಿನಿಧಿಗೆ ಇಷ್ಟನ್ನೂ ಬರೆದು ಕಳಿಸಿದ್ದೇನೆ. ಜಾರ್ಜಿಯಾದ ಕನ್ನಡಿಗರು ಯಾರಾದರೂ ಬರೆಯುವುದಾದರೆ ಆಂಡ್ರ್ಯೂಸ್ ಜೊತೆ ಕ್ಯಾಂಪ್‌ಬೆಲ್ ಹೆಸರನ್ನೂ ಸೇರಿಸಿ. ಅವನನ್ನು ಜನ ಜಾಸ್ತಿ ಮರೆಯುತ್ತಾರೆ.