ಅವನಿಗೆ ಅವಳ ಮೇಲೆ ಪ್ರೀತಿ ಇತ್ತೋ ಇಲ್ಲವೋ?

ತೈವಾನಿನ ನಿರ್ದೇಶಕ ಸಾಯ್ ಮಿಂಗ್-ಲಿಯಾಂಗ್ ಅವರ ಸಿನಿಮಾ ನೋಡು ಅಂತ ಯಾರಿಗೆ ಹೇಳಿದರೂ ಎರಡು ದಿನ ಬಿಟ್ಟು ನನಗೆ ಫೋನ್ ಬರುತ್ತದೆ. ‘ಪೂರ್ತಿ ನೋಡಿದೆ ಮಾರಾಯ. ಅವನಿಗೆ ಅವಳ ಮೇಲೆ ಪ್ರೀತಿ ಇತ್ತೋ ಇಲ್ಲವೋ, ಅದೊಂದು ಹೇಳಿಬಿಡು.’ ಹೀಗೆ ಕೇಳುವವರಲ್ಲಿ ಹೆಚ್ಚಿನವರು ನೋಡಿರುವುದು 2001ರ ‘ವಾಟ್ ಟೈಮ್ ಈಸ್ ಇಟ್ ದೇರ್?’. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೈಪೆಯ ಪಾದಚಾರಿ ಮೇಲ್ಸೇತುವೆಯ ಮೇಲೆ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ವಾಚು ಮಾರುವ ಹುಡುಗ. ಅಪ್ಪ ತೀರಿಕೊಂಡು ಹೆಚ್ಚು ದಿನ ಆಗಿಲ್ಲ. ಪ್ಯಾರಿಸ್‌ಗೆ ಹೊರಟ ಹುಡುಗಿಯೊಬ್ಬಳು ಬರುತ್ತಾಳೆ. ಎರಡು ಊರಿನ ಸಮಯ ತೋರಿಸುವ ವಾಚು ಅವನ ಕೈಯಲ್ಲೇ ಇದೆ, ಅವಳಿಗೆ ಅದೇ ಬೇಕು. ಮನೆಯಲ್ಲಿ ಸಾವಾಗಿದೆ, ಇದನ್ನು ಕೊಟ್ಟರೆ ನಿಮಗೆ ಒಳ್ಳೆಯದಲ್ಲ ಅನ್ನುತ್ತಾನೆ ಅವನು. ನಾನು ಕ್ರಿಶ್ಚಿಯನ್, ನನಗೆ ಅದೆಲ್ಲ ನಂಬಿಕೆ ಇಲ್ಲ ಅನ್ನುತ್ತಾಳೆ ಅವಳು. ಕೊನೆಗೆ ಕೊಡುತ್ತಾನೆ. ಅವಳು ಹೋಗುತ್ತಾಳೆ. ಅವರಿಬ್ಬರೂ ಈ ಸಿನಿಮಾದಲ್ಲಿ ಮತ್ತೆ ಸೇರುವುದಿಲ್ಲ.

ಆಮೇಲೆ ಅವನು ಕೈಗೆ ಸಿಕ್ಕ ಗಡಿಯಾರಗಳನ್ನೆಲ್ಲ ಪ್ಯಾರಿಸ್ ಸಮಯಕ್ಕೆ, ಅಂದರೆ 7 ಗಂಟೆ ಹಿಂದಕ್ಕೆ, ತಿರುಗಿಸುತ್ತಾ ಹೋಗುತ್ತಾನೆ. ದೊಡ್ಡ ಕಟ್ಟಡದ ಮೇಲಿರುವ ಗಡಿಯಾರವನ್ನೂ ಬಿಡುವುದಿಲ್ಲ. ಮನೆಯ ಗಡಿಯಾರ ಹಿಂದೆ ಬಿದ್ದಿದ್ದು ಅಮ್ಮನ ಕಣ್ಣಿಗೆ ಬೀಳುತ್ತದೆ. ಗಂಡ ಬಂದು ಹೋಗಿದ್ದಾನೆ, ಇದು ಅವನ ಸಮಯ ಎಂದೇ ಅವಳು ನಂಬುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಅವನಿಗೆ ಊಟ ಬಡಿಸುತ್ತಾಳೆ, ಬೆಳಕು ಬಾರದ ಹಾಗೆ ಕಿಟಕಿಗಳನ್ನು ಮುಚ್ಚುತ್ತಾಳೆ. ಪಿತೃಪಕ್ಷದಲ್ಲಿ ಎಡೆ ಇಟ್ಟು, ಬಾಗಿಲು ಎಳೆದುಕೊಂಡು, ಹೊರಗೆ ಸದ್ದಿಲ್ಲದೆ ಕೂತು ಬೆಳೆದವನು ನಾನು. ಆ ದೃಶ್ಯದಲ್ಲಿ ಗಂಟಲು ಕಟ್ಟಿತು.

ಗಡಿಯಾರ ತಿರುಗಿಸಿದವರು ಯಾರು ಅಂತ ನಮಗೆ ಗೊತ್ತು. ಯಾಕೆ ತಿರುಗಿಸಿದ ಅನ್ನುವುದೇ ರಹಸ್ಯ. ಹುಡುಗಿಯ ಹಂಬಲವೇ ಎಂದು ಮೊದಲ ಸಲ ನಾನೂ ಅಂದುಕೊಂಡಿದ್ದೆ. ಎರಡನೆಯ ಸಲ ನೋಡುವಾಗ ಬೇರೊಂದು ಕಂಡಿತು. ಅಪ್ಪನ ದೆವ್ವಕ್ಕೆ ಹೆದರಿ ರಾತ್ರಿ ಕೋಣೆ ಬಿಟ್ಟು ಹೊರಬಾರದ ಹುಡುಗ ಅವನು. ಸಮಯವನ್ನು ಹಿಂದಕ್ಕೆ ತಿರುಗಿಸುವಾಗ ಅವನಿಗೆ ಬೇಕಾಗಿದ್ದುದು ಅವಳೋ, ಅಪ್ಪ ಬದುಕಿದ್ದ ಹೊತ್ತೋ? ಎರಡನ್ನೂ ಬಿಡಿಸಲು ಅವನಿಗೇ ಆಗಿರಲಿಕ್ಕಿಲ್ಲ ಅಂತ ನನಗನ್ನಿಸುತ್ತದೆ.

ಈ ವಾಚಿನ ಹುಡುಗನಾಗಿರುವವನು ಸಾಯ್ ಅವರ ಎಲ್ಲ ಕಥಾಚಿತ್ರಗಳಲ್ಲೂ ಇರುವ ನಟ ಲೀ ಕಾಂಗ್-ಶೆಂಗ್. 1994ರ ‘ವೀವ್ ಲಮೂರ್’ನಲ್ಲಿ ಅವನು ಚಿತಾಭಸ್ಮ ಇಡುವ ಗೂಡುಗಳನ್ನು ಮಾರುವ ಹುಡುಗ. ಯಾರೋ ಬಾಗಿಲಲ್ಲೇ ಮರೆತ ಬೀಗದ ಕೈ ತೆಗೆದುಕೊಂಡು ಖಾಲಿ ಫ್ಲ್ಯಾಟಿಗೆ ನುಗ್ಗುತ್ತಾನೆ. ಅಲ್ಲಿಗೇ ಬಂದು ಮಲಗುವ ಇನ್ನೊಬ್ಬ ಯುವಕ ನಿದ್ದೆಯಲ್ಲಿರುವಾಗ ಪಕ್ಕದಲ್ಲಿ ಮಲಗಿ, ಎಚ್ಚರ ಆಗದ ಹಾಗೆ ಇಂಚಿಂಚೇ ಸರಿದು ಮುತ್ತಿಡುತ್ತಾನೆ. ಇಷ್ಟು ಹೆದರಿದ, ಇಷ್ಟು ಮೃದುವಾದ ಆಸೆಯನ್ನು ನಾನು ಪರದೆಯ ಮೇಲೆ ಬೇರೆಲ್ಲೂ ಕಂಡಿಲ್ಲ. ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಸಿಂಹ ಗೆದ್ದ ಈ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ನಮಗೆ ಬಟ್ಟೆ ಸರಿಯುವ ಸದ್ದು ಕೇಳುತ್ತದೆ.

2003ರ ‘ಗುಡ್‌ಬೈ, ಡ್ರ್ಯಾಗನ್ ಇನ್’ನಲ್ಲಿ ಮುಚ್ಚಲಿರುವ ಥಿಯೇಟರಿನ ಕೊನೆಯ ಆಟ. ಕುಂಟುತ್ತಾ ನಡೆಯುವ ಟಿಕೆಟ್ ಹುಡುಗಿ ಹಬೆಯಲ್ಲಿ ಬೇಯಿಸಿದ ಗುಲಾಬಿ ಬನ್ನಿನಲ್ಲಿ ಅರ್ಧ ತಾನು ತಿಂದು, ಉಳಿದರ್ಧವನ್ನು ಪ್ರೊಜೆಕ್ಟರ್ ನಡೆಸುವವನಿಗೆ ಅಂತ ಮೆಟ್ಟಿಲು ಹತ್ತಿ ಒಯ್ಯುತ್ತಾಳೆ. ಅವನು ಅಲ್ಲಿಲ್ಲ. ಪ್ರತಿ ಮೆಟ್ಟಿಲಿಗೂ ಅವಳ ಹೆಜ್ಜೆಯ ಸದ್ದು ಕೇಳಿದ ನಮಗೆ ಆ ಅರ್ಧ ಬನ್ನಿನ ಭಾರ ಗೊತ್ತು. ಅವರಿಬ್ಬರೂ ಒಮ್ಮೆಯೂ ಮುಖಾಮುಖಿ ಆಗುವುದಿಲ್ಲ.

ನನ್ನ ಉತ್ತರ ಇಷ್ಟೇ: ಪ್ರೀತಿ ಇತ್ತು. ಯಾರ ಮೇಲೆ ಅಂತ ಕೇಳಿದರೆ, ವಾಚಿನ ಕಥೆಯ ಕೊನೆಯ ದೃಶ್ಯಕ್ಕೆ ಹೋಗಬೇಕು. ಪ್ಯಾರಿಸ್‌ನ ಟ್ಯುಲರೀಸ್ ಉದ್ಯಾನದಲ್ಲಿ ಹುಡುಗಿ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾಳೆ. ಅವಳ ಸೂಟ್‌ಕೇಸ್ ಕೊಳದಲ್ಲಿ ತೇಲುತ್ತಿದೆ. ಮುದುಕನೊಬ್ಬ ಬಂದು ಕೊಡೆಯ ಹಿಡಿಯಿಂದ ಅದನ್ನು ದಡಕ್ಕೆಳೆದು ನಿಲ್ಲಿಸುತ್ತಾನೆ. ಅವನು ತೈಪೆಯಲ್ಲಿ ಸತ್ತ ಅಪ್ಪ. ಅಮ್ಮ ಕಾದಿದ್ದ ಸಮಯ ಸರಿಯಾಗಿಯೇ ಇತ್ತು, ಅವನಿದ್ದ ಊರು ಬೇರೆ. ಹುಡುಗಿ ಎದ್ದಿಲ್ಲ. ಅವನು ಅತ್ತ ತಿರುಗಿ, ನಿಧಾನಕ್ಕೆ ತಿರುಗಲು ಶುರುವಾದ ಜೈಂಟ್ ವೀಲ್‌ನ ಕಡೆಗೆ ನಡೆದು ಹೋಗುತ್ತಾನೆ.